ಸಿದ್ದಲಿಂಗಪ್ಪನವರು ಕಾರ್ಬೊರೇಟರ್ ಬೆಲೆ ಕೇಳಿದ್ದು

ಬೆಲೆ ಕೇಳುವುದಕ್ಕೇ ಸಂಬಳ ಕೊಡುವ ಕಚೇರಿಯೊಂದು ಈ ದೇಶದಲ್ಲಿದೆ ಎಂದರೆ ಬಹಳ ಜನ ನಂಬುವುದಿಲ್ಲ. ಸಿದ್ದಲಿಂಗಪ್ಪನವರ ಮಾವನವರೇ ಕೊನೆಯ ತನಕ ನಂಬಲಿಲ್ಲ. ಅಳಿಯ ಕೇಂದ್ರ ಸರ್ಕಾರದಲ್ಲಿ ಏನೋ ಗುಟ್ಟಿನ ಕೆಲಸದಲ್ಲಿದ್ದಾನೆ, ಹೊರಗೆ ಹೇಳುವಂತಿಲ್ಲವಾದ್ದರಿಂದ ಬದನೆಕಾಯಿಯ ನೆಪ ಹೇಳುತ್ತಾನೆ ಎಂದು ಗದಗಿನ ತುಂಬ ಹೇಳಿಕೊಂಡು ತಿರುಗಿದರು. ಆದರೆ ಕೆಲಸ ಇದ್ದದ್ದೇ ಅಷ್ಟು. ತಿಂಗಳು ತಿಂಗಳು ಗೊತ್ತಾದ ಅಂಗಡಿಗಳಿಗೆ ಹೋಗುವುದು. ಬದನೆಕಾಯಿ, ತೊಗರಿಬೇಳೆ, ಮೈಸೋಪು, ಹವಾಯಿ ಚಪ್ಪಲಿ, ಇವುಗಳ ಬೆಲೆ ಕೇಳುವುದು. ಹೋದ ತಿಂಗಳು ಎಷ್ಟಿತ್ತು ಎಂದು ಕೇಳುವುದು. ಇದು ಅದೇ ಮಾಲು ಹೌದೋ ಅಲ್ಲವೋ ಎಂದು ತಿರುವಿ ನೋಡುವುದು. ಏನನ್ನೂ ಕೊಳ್ಳದೆ ಮುಂದಿನ ಅಂಗಡಿಗೆ ನಡೆಯುವುದು. ಬೆಲೆ ಏರಿತೋ ಇಳಿಯಿತೋ ಎಂದು ದಿಲ್ಲಿಯಲ್ಲಿ ಕುಳಿತವರು ಹೇಳುವುದು ಇಂಥವರ ಚಪ್ಪಲಿ ಸವೆದ ಮೇಲೆಯೇ.

ವರ್ಷಗಟ್ಟಲೆ ಹೀಗೆ ಕೇಳಿ ಕೇಳಿ, ಕೇಳುವುದು ಅವರ ಮೈಗೆ ಹತ್ತಿಬಿಟ್ಟಿತ್ತು. ಸ್ವಂತಕ್ಕೂ ಮೂರು ಅಂಗಡಿ ಸುತ್ತದೆ ಅವರು ಒಂದು ಸೂಜಿ ಕೊಂಡವರಲ್ಲ. ಮಗಳು ತೃಪ್ತಿ ಹುಟ್ಟಿದಾಗ ಪೇಡೆ ತರಲು ಹೋದವರು ತಿರುಗಿ ಬರುವಷ್ಟರಲ್ಲಿ ತಾಯಿ, ಮಗು ಆಸ್ಪತ್ರೆ ಬಿಟ್ಟು ಮನೆ ಸೇರಿದ್ದರು ಎಂದು ಹೆಂಡತಿ ಸುಭದ್ರಮ್ಮ ಹೇಳುತ್ತಾರೆ. ಇದರಲ್ಲಿ ಅರ್ಧವಾದರೂ ನಿಜವಿರಬೇಕು, ಏಕೆಂದರೆ ಸಿದ್ದಲಿಂಗಪ್ಪನವರು ಇದನ್ನು ಎಂದೂ ಅಲ್ಲಗಳೆದಿಲ್ಲ. ಅಲ್ಲಗಳೆಯುವಷ್ಟು ಹುರುಪು ಅವರಲ್ಲಿ ಉಳಿದಿರಲೂ ಇಲ್ಲ.

ಅವರಿಗೆ ಸಾಕಾಗಿತ್ತು. ಅಹಮದಾಬಾದಿಗೆ ಬಂದಾಗ ತೃಪ್ತಿ ಒಂದನೆಯ ತರಗತಿ. ಈಗ ಅವಳು ನವರಂಗಪುರದ ಆಫೀಸೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಇಂಗ್ಲಿಷಿನಲ್ಲಿ ಮುಗಿಸುತ್ತಾಳೆ. ವರ್ಷಾವರ್ಷ ಹುಬ್ಬಳ್ಳಿಗೆ ವರ್ಗ ಬೇಡುವುದು, ವರ್ಷಾವರ್ಷ ದಿಲ್ಲಿಯವರು ಇಲ್ಲವೆನ್ನುವುದು ನಡೆದೇ ಇತ್ತು. ಈ ಸಲ ದೀಪಾವಳಿ ಮುಗಿದ ಮೇಲೆ, ದಿಲ್ಲಿಯಲ್ಲಿ ಯಾರ ಕೈ ತಪ್ಪಿತೋ ಏನೋ, ವರ್ಗದ ಆದೇಶ ಬಂದೇಬಿಟ್ಟಿತು. ಉತ್ತರಾಯಣದೊಳಗೆ, ಅಂದರೆ ಸಂಕ್ರಾಂತಿಯೊಳಗೆ, ಬಿಡುಗಡೆ. ಸಿದ್ದಲಿಂಗಪ್ಪನವರು ಅದನ್ನು ಓದಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತರು. ಹೊರಗೆ ಬಂದು ಕಣ್ಣಿಗೆ ಸೋಪು ಹೋಯಿತು ಎಂದರು. ಆಮೇಲೆ ಈ ಭೂಮಿಯ ಮೇಲೆ ಅವರಿಗೆ ಬೇಕಾದದ್ದು ಒಂದೇ ಆಗಿತ್ತು. ಯಾವ ಗದ್ದಲವೂ ಇಲ್ಲದೆ ಹುಬ್ಬಳ್ಳಿ ಮುಟ್ಟಬೇಕು.

ಗದ್ದಲ ಶುರುವಾದದ್ದು ಜೀಪಿನಿಂದ. ಅದು ಕಲ್ಲು, ಮರಳು, ಕೆಸರು ಯಾವುದಕ್ಕೂ ಹೆದರದ ಜಾತಿಯ ಹಳೆಯ ಪೆಟ್ರೋಲ್ ಜೀಪು. ಕಛ್‌ನ ಉಪ್ಪಿನ ಮರುಭೂಮಿಯಾದ ರಣಕ್ಕೆ ಹೋಗಿಬರುತ್ತೇನೆಂದು ಸಿದ್ದಲಿಂಗಪ್ಪನವರು ಒಂದು ಉಮೇದಿನ ಗಳಿಗೆಯಲ್ಲಿ ಕೊಂಡದ್ದು. ರಣಕ್ಕೆ ಹೋಗಲಿಲ್ಲ. ಅದು ದಾಟಿದ ಅತಿ ಕಠಿಣ ಹಾದಿಯೆಂದರೆ ಕಾಯಿಪಲ್ಲೆ ಮಾರುಕಟ್ಟೆಯ ಮುಂದಿನ ಗುಂಡಿಗಳು. ಅದರ ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕೆಲಸ ಒಂದು ಪುಟ್ಟ ಕಂಪ್ಯೂಟರ್ ಡಬ್ಬಿಯದು. ಆ ಡಬ್ಬಿ ಹತ್ತಾರು ಸೆನ್ಸರುಗಳನ್ನು ವಿಚಾರಿಸಿ, ಲೆಕ್ಕ ಹಾಕಿ, ಇಂಜೆಕ್ಟರಿನ ಮೂಲಕ ಬೇಕಾದಷ್ಟನ್ನೇ ಸಿಂಪಡಿಸುತ್ತದೆ. ನಾಲ್ಕು ಕಡೆ ಕೇಳದೆ ಕೈ ಎತ್ತದ ವಿಷಯದಲ್ಲಿ ಅದೂ ಅದರ ಯಜಮಾನರೂ ಒಂದೇ ಸ್ವಭಾವದವರು. ಇತ್ತೀಚೆಗೆ ಡಬ್ಬಿಗೆ ತಲೆ ಕೆಟ್ಟಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಜೀಪಿನೊಳಗೆ ಹಳದಿ ದೀಪ ಹತ್ತುವುದು, ಎಂಜಿನ್ ಆರುವುದು, ಹಿಂದಿನವರು ಹಾರ್ನ್ ಬಾರಿಸುವುದು ದಿನದ ಕ್ರಮವಾಗಿತ್ತು.

ನವರಂಗಪುರದಲ್ಲಿ ಕನ್ನಡ ಸಂಘದವರು ಬೀಳ್ಕೊಡುಗೆಯೆಂದು ಉಪ್ಪಿಟ್ಟು, ಚಹಾ ಇಟ್ಟುಕೊಂಡಿದ್ದರು. ಅಲ್ಲಿ ರೈಲ್ವೆಯಿಂದ ನಿವೃತ್ತರಾದ ಜಯತೀರ್ಥರು, ಯಾರ ಕಾಲಾದರೂ ಎಳೆಯದಿದ್ದರೆ ಉಪ್ಪಿಟ್ಟು ಜೀರ್ಣವಾಗದ ಮನುಷ್ಯ, ಕೇಳಿದರು.

"ಜೀಪಿಂದು ಏನ್ ಮಾಡತೀರಿ ಸಿದ್ದಲಿಂಗಪ್ಪನವರ? ಗುಜರಿಗೆ ಹಾಕತೀರೇನು?"

"ಯಾಕ ಹಾಕಲಿ? ಹೊಡಕೋತ ಹುಬ್ಬಳ್ಳಿಗೆ ಒಯ್ಯತೇನಿ."

"ಘಟ್ಟದಾಗ ಆ ಡಬ್ಬಿ ಕೈ ಕೊಟ್ಟರ? ಗ್ಯಾರೇಜಿನವನ್ನ ಕರೀತೀರೋ, ಕಂಪ್ಯೂಟರ್ ಕಲತವನ್ನ ಕರೀತೀರೋ?"

ಎಲ್ಲರೂ ನಕ್ಕರು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೀಳ್ಕೊಡುಗೆಯ ಹಾರ ಕೊರಳಲ್ಲಿದ್ದಾಗ ಸುಮ್ಮನಿರುವುದು ಕಷ್ಟ.

"ಡಬ್ಬಿ ಇದ್ದರಲ್ಲೇನ್ರಿ ಕೈ ಕೊಡೂದು? ಅದನ್ನ ಕಿತ್ತು ಒಗದು, ಗಾಳಿ ಪೆಟ್ರೋಲು ಕಲಸೂ ಹಳೇ ಕಾಲದ ಕಾರ್ಬೊರೇಟರ್ ಹಾಕಸತೇನಿ. ಸಣ್ಣಾಂವ ಇದ್ದಾಗ ನಮ್ಮಪ್ಪನ ಮೋಟರ್‌ಸೈಕಲ್ಲಿನ ಕಾರ್ಬೊರೇಟರ್ ನಾನs ಬಿಚ್ಚಿ, ಬಾಯಿಲೆ ಊದಿ, ಮತ್ತ ಜೋಡಸ್ತಿದ್ದೆ. ಒಂದ್ ಸ್ಕ್ರೂಡ್ರೈವರ್ ಇದ್ದರ ಸಾಕು, ಕಾಶ್ಮೀರಕ್ಕ ಹೋಗಿ ಬರತೇನಿ."

ಮನೆಗೆ ಹೋಗುವಾಗ ಆಟೋದಲ್ಲಿ ಸುಭದ್ರಮ್ಮ ಕೇಳಿದರು, "ಮಾವನವರಿಗೆ ಮೋಟರ್‌ಸೈಕಲ್ ಯಾವಾಗ ಇತ್ತು?"

"ಲೂನಾ ಮೊಪೆಡ್ ಇತ್ತಲ್ಲ. ಅದಕ್ಕೂ ಕಾರ್ಬೊರೇಟರ್ ಇರತೈತಿ."

"ನೀವು ಬಿಚ್ಚತಿದ್ರಿ?"

"ಅಪ್ಪ ಬಿಚ್ಚತಿದ್ದ. ನಾ ಸ್ಕ್ರೂ ಹಿಡಕೊಂಡು ನಿಂದರತಿದ್ದೆ," ಎಂದರು ಸಿದ್ದಲಿಂಗಪ್ಪನವರು. ಅದರಲ್ಲಿ ಒಂದು ಸ್ಕ್ರೂ ಕಳೆದು ಕಪಾಳಕ್ಕೆ ತಿಂದದ್ದನ್ನು ಹೇಳಲಿಲ್ಲ.

ಮಾತು ಸಂಘದಲ್ಲಿ ಆಡಿಯಾಗಿತ್ತು. ಮರುದಿನವೇ ಜೀಪನ್ನು ಬೋಡಕ್‌ದೇವ್ ಬಡಾವಣೆಯ ಹಿಂದಿನ ಬೀದಿಯ ಪ್ರಮೋದ್‌ಭಾಯಿಯ ಗ್ಯಾರೇಜಿಗೆ ತಳ್ಳಿಸಿಕೊಂಡು ಹೋದರು. ಪ್ರಮೋದ್‌ಭಾಯಿ ಯಾವುದಕ್ಕೂ ಆಗುವುದಿಲ್ಲ ಎನ್ನದ ಮನುಷ್ಯ. ಏನು ಹೇಳಿದರೂ "ಥಈ ಜಶೆ ಸಾಹೇಬ್", ಅಂದರೆ ಆಗಿಹೋಗುತ್ತದೆ, ಎನ್ನುತ್ತಿದ್ದ. ಈ ಸಲ ಮಾತ್ರ ತಲೆ ಕೆರೆದುಕೊಂಡ. ಅವನ ಹಿಂದಿ ಗುಜರಾತಿಯನ್ನು ನಾವು ಕನ್ನಡದಲ್ಲೇ ಹೇಳಿಬಿಡೋಣ.

"ಸಾಹೇಬ್, ಪೆಟ್ರೋಲಿನಿಂದ ಗ್ಯಾಸಿಗೆ ಮಾಡಿಕೊಡು ಅಂತ ದಿನಾ ಬರುತ್ತಾರೆ. ಇಂಜೆಕ್ಷನ್ ತೆಗೆದು ಕಾರ್ಬೊರೇಟರ್ ಹಾಕು ಅಂತ ಬಂದವರು ನೀವೇ ಮೊದಲು."

"ಆಗುತ್ತದೋ ಇಲ್ಲವೋ?"

"ಥಈ ಜಶೆ."

ಸಂಜೆಯೊಳಗೆ ಇಂಜೆಕ್ಟರು, ಸೆನ್ಸರು, ಡಬ್ಬಿ, ಕರುಳಿನ ಹಾಗೆ ಸುರುಳಿಗಟ್ಟಿದ ವೈರು, ಟ್ಯಾಂಕಿನೊಳಗಿನ ಜೋರಿನ ಪೆಟ್ರೋಲ್ ಪಂಪು, ಎಲ್ಲ ಹೊರಗೆ ಬಂದು ಒಂದು ಗೋಣಿಚೀಲ ಸೇರಿದವು. ಎಂಜಿನ್ನಿನ ತೆರೆದ ಬಾಯಿಗೆ ಪ್ರಮೋದ್‌ಭಾಯಿ ಒಂದು ಹಳೆಯ ಬನಿಯನ್ ತುರುಕಿದ. ಮೆಲ್ಲಗೆ ಪೆಟ್ರೋಲು ಕೊಡುವ ಬೇರೆ ಪಂಪು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರು, ಎಳೆಯುವ ಚೋಕ್ ತಂತಿ ತನ್ನ ಹತ್ತಿರವೇ ಇವೆ ಎಂದ. ಬೇಕಾದದ್ದು ಕಾರ್ಬೊರೇಟರ್ ಒಂದೇ. ಇದೇ ಎಂಜಿನ್ನಿನ ಹಳೆಯ ತಳಿಗೆ ಇರುತ್ತಿದ್ದದ್ದು, ಗುಜರಿಯಲ್ಲಿ ಸಿಗುತ್ತದೆ. ಗೋಣಿಚೀಲವನ್ನು ಮನೆಯಲ್ಲಿಡಿ, ಇಲ್ಲಿ ಇಲಿ ಕಡಿಯುತ್ತವೆ ಎಂದ.

ಭಾನುವಾರ ಸಾಬರಮತಿಯ ದಂಡೆಯ ಗುಜರಿ ಬಜಾರಿಗೆ ಇಬ್ಬರೂ ಹೋದರು. ಒಬ್ಬ ಮುದುಕನ ತಾಡಪತ್ರಿಯ ಮೇಲೆ, ಹಿತ್ತಾಳೆ ನಲ್ಲಿಗೂ ಕಿವುಡು ರೇಡಿಯೋಗೂ ನಡುವೆ, ಅದು ಕುಳಿತಿತ್ತು. ಪ್ರಮೋದ್‌ಭಾಯಿ ಎತ್ತಿ ನೋಡಿ ಇದೇ, ತಗೊಳ್ಳಿ ಎಂದ. ಮುದುಕ ಹೇಳಿದ ಬೆಲೆ, ಅವರಿಬ್ಬರೂ ಆಗಷ್ಟೇ ತಿಂದ ಫಾಫಡಾಕ್ಕಿಂತ ಸ್ವಲ್ಪ ಹೆಚ್ಚು. ಸಿದ್ದಲಿಂಗಪ್ಪನವರ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

"ಹೋದ ತಿಂಗಳು ಇದರ ಭಾವ್ ಎಷ್ಟಿತ್ತು?"

ಮುದುಕ ಆ ವಸ್ತುವನ್ನು ವಾರವಾರವೂ ತಂದು ಹರವಿ, ವಾರವಾರವೂ ತಿರುಗಿ ಒಯ್ಯುತ್ತಿದ್ದ. ಇವತ್ತಿನ ತನಕ ಅದನ್ನು ಯಾರೂ ಕೇಳಿರಲಿಲ್ಲ. ಅವನು ಗಾಬರಿಯಿಂದ ಮೇಲೆ ನೋಡಿದ. ಸಿದ್ದಲಿಂಗಪ್ಪನವರ ಕೊರಳಲ್ಲಿ ಕೇಂದ್ರ ಸರ್ಕಾರದ ಗುರುತಿನ ಚೀಟಿ ತೂಗುತ್ತಿತ್ತು. ಅದಿಲ್ಲದಿದ್ದರೆ ಅಂಗಡಿಯವರು ಉತ್ತರ ಕೊಡುವುದಿಲ್ಲವೆಂದು ಅವರು ಬೆಳಿಗ್ಗೆ ಅಂಗಿಯ ಜೊತೆಗೇ ಅದನ್ನು ಹಾಕಿಕೊಳ್ಳುತ್ತಿದ್ದರು. ಭಾನುವಾರವೆಂಬುದು ಕೈಗೆ ನೆನಪಾಗಿರಲಿಲ್ಲ.

"ಯಾಕೆ ಸಾಹೇಬ್? ಈ ತಿಂಗಳು ಏರಿತಾ?"

"ಹಾಗಲ್ಲ. ಅದೇ ಮಾಲು ತಾನೆ ಇದು? ಬದಲಾಗಿಲ್ಲವಲ್ಲ? ಇರಲಿ, ಇನ್ನೆರಡು ಕಡೆ ಕೇಳಿಕೊಂಡು ಬರುತ್ತೇನೆ."

ಪ್ರಮೋದ್‌ಭಾಯಿ ಕಾರ್ಬೊರೇಟರನ್ನು ಕೆಳಗಿಟ್ಟು ಅವರ ಹಿಂದೆ ನಡೆದ.

ಈ ಮಾತುಕತೆಯನ್ನು ಹಿಂದೆ ನಿಂತು ಒಬ್ಬರು ಕೇಳಿಸಿಕೊಂಡಿದ್ದರು. ಅವರು ಭೂಪತಭಾಯಿ, ಸಿದ್ದಲಿಂಗಪ್ಪನವರ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ, ಕೆಳಗಿನ ಮಹಡಿಯವರು. ನೂಲಿನ ವ್ಯಾಪಾರ. ಒಳಗಿನ ಸುದ್ದಿಯೊಂದು ತಮ್ಮ ಮುಂದೆ ಹಾಯ್ದುಹೋಗುವಾಗ ಸುಮ್ಮನೆ ನಿಂತು ನೋಡಿದ ಇತಿಹಾಸ ಅವರ ಮನೆತನದಲ್ಲಿರಲಿಲ್ಲ. ಸಿದ್ದಲಿಂಗಪ್ಪನವರು ಮೂರನೆಯ ಅಂಗಡಿ ಮುಗಿಸಿ ತಿರುಗಿ ಬರುವಷ್ಟರಲ್ಲಿ ಮುದುಕನ ತಾಡಪತ್ರಿಯ ಮೇಲೆ ನಲ್ಲಿ ಇತ್ತು, ರೇಡಿಯೋ ಇತ್ತು, ನಡುವೆ ಖಾಲಿ ಜಾಗ ಇತ್ತು.

ಆ ಸಂಜೆ ಭೂಪತಭಾಯಿ ಒಂದು ತಟ್ಟೆ ಖಾಂಡ್ವಿ ಹಿಡಿದು ಮೇಲೆ ಬಂದರು. ನಡುಮನೆಯಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಕುಳಿತರು.

"ಸಾಹೇಬ್, ಒಂದೇ ಒಂದು ಇಶಾರೆ ಕೊಡಿ. ಕಾರ್ಬೊರೇಟರ್ ಯಾಕೆ?"

"ನನ್ನ ಜೀಪಿಗೆ ಬೇಕು ಭೂಪತಭಾಯಿ."

"ನಿಮ್ಮ ಜೀಪಿನಲ್ಲಿ ಇಂಜೆಕ್ಷನ್ ಇದೆಯಲ್ಲ?"

"ಅದನ್ನು ತೆಗೆಸಿದೆ."

"ಕೈಯಾರೆ ದುಡ್ಡು ಕೊಟ್ಟು? ಹೊಸದನ್ನು ತೆಗೆಸಿ ಹಳೆಯದನ್ನು?"

"ಹೌದು."

ಭೂಪತಭಾಯಿ ತಟ್ಟೆಯನ್ನು ಪೆಟ್ಟಿಗೆಯೊಂದರ ಮೇಲಿಟ್ಟರು. ಪೆಟ್ರೋಲಿನಿಂದ ಗ್ಯಾಸಿಗೆ ಹೋದವರನ್ನು ಅವರು ಕಂಡಿದ್ದರು, ಗ್ಯಾಸಿನಿಂದ ಕರೆಂಟಿನ ಗಾಡಿಗೆ ಹೋದವರನ್ನು ಕಂಡಿದ್ದರು. ಗಂಟಿನಿಂದ ದುಡ್ಡು ತೆಗೆದು ಹಿಂದಕ್ಕೆ ಹೋದ ಮನುಷ್ಯನನ್ನು ಇಡೀ ಗುಜರಾತ್ ಕಂಡಿರಲಿಲ್ಲ. ಹಾಗೆ ಮಾಡುವವನು ಒಂದೋ ಹುಚ್ಚನಿರಬೇಕು, ಇಲ್ಲವೇ ಏನನ್ನೋ ಬಲ್ಲವನಿರಬೇಕು. ಕೇಂದ್ರ ಸರ್ಕಾರ ಹುಚ್ಚರಿಗೆ ಇಷ್ಟು ವರ್ಷ ಸಂಬಳ ಕೊಡುವುದಿಲ್ಲ ಎಂಬುದು ಅವರ ನಂಬಿಕೆ.

"ತಿಳಿಯಿತು," ಎಂದು ಎದ್ದರು. "ನೀವು ಏನೂ ಹೇಳಲಿಲ್ಲ. ನಾನು ಏನೂ ಕೇಳಲಿಲ್ಲ."

"ಏನ್ ತಿಳೀತಂತ ಅವರಿಗೆ?" ಸುಭದ್ರಮ್ಮ ಅಡಿಗೆಮನೆಯಿಂದ ಕೇಳಿದರು.

"ಗೊತ್ತಿಲ್ಲ. ಖಾಂಡ್ವಿ ಛಲೋ ಆಗ್ಯಾವು."

ಆ ವಾರ ಸರ್ಕಾರಿ ಕೆಲಸದ ಮೇಲೆ ವಡೋದರಾಕ್ಕೆ ಹೋಗುವುದಿತ್ತು. ಅಲ್ಲಿ ಬೇಳೆ, ಬೆಲ್ಲ, ಪ್ಲಾಸ್ಟಿಕ್ ಬಕೀಟಿನ ಬೆಲೆ ಕೇಳಿ ಮುಗಿದ ಮೇಲೆ ಹಳೆಯ ಬಿಡಿಭಾಗದ ಅಂಗಡಿಗಳಿಗೂ ಹೋದರು. ಕೊರಳಲ್ಲಿ ಚೀಟಿ ಇದ್ದೇ ಇತ್ತು. ಮೊದಲನೆಯ ಅಂಗಡಿಯಲ್ಲಿ ಎರಡು ಕಾರ್ಬೊರೇಟರ್ ಇದ್ದವು. ಎಷ್ಟು, ಹೋದ ತಿಂಗಳು ಎಷ್ಟು, ಅದೇ ಮಾಲೋ ಎಂದು ಕೇಳಿ ಎರಡನೆಯ ಅಂಗಡಿಗೆ ಹೋದರೆ ಅಲ್ಲಿಯವನು ಫೋನಿನಲ್ಲಿ ಮೊದಲನೆಯವನ ಸಂಗಡ ಮಾತಾಡುತ್ತಿದ್ದ. ಮೂರನೆಯ ಅಂಗಡಿಯವನು ಇವರು ಬರುವುದನ್ನು ಕಂಡು ಷಟರ್ ಅರ್ಧ ಎಳೆದು, ಮಾಲಿಲ್ಲ, ಇದ್ದರೂ ಕೊಡುವುದಿಲ್ಲ ಎಂದ. ತಿರುಗಿ ಮೊದಲನೆಯ ಅಂಗಡಿಗೆ ಬಂದರೆ ಬೆಲೆ ನಾಲ್ಕು ಪಟ್ಟಾಗಿತ್ತು. ಸಿದ್ದಲಿಂಗಪ್ಪನವರ ಕೈ ಪೆನ್ನಿಗೆ ಹೋಯಿತು. ಬೆಲೆ ಏರಿದ್ದನ್ನು ಕಂಡಾಗೆಲ್ಲ ಬರೆದುಕೊಂಡು ಮುಂದೆ ಹೋಗುವುದು ಅವರಿಗೆ ರೂಢಿ. ಏರಿದ ಬೆಲೆ ತಾವೇ ಕೊಡಬೇಕಾಗಿ ಬಂದದ್ದು ಇದೇ ಮೊದಲು, ಅದಕ್ಕೇ ಕೊಡದೆ ಬಂದರು.

ಮುಂದಿನ ವಾರ ಸೂರತ್. ಭೂಪತಭಾಯಿ ತಾವಾಗಿಯೇ ಒಂದು ವಿಳಾಸ ಕೊಟ್ಟಿದ್ದರು. ಕತಾರ್‌ಗಾಮ್‌ನಲ್ಲಿ ಅವರ ಮಾಮಾನ ಮಗನದು ವಜ್ರ ಹೊಳಪು ಮಾಡುವ ಕಾರ್ಖಾನೆ, ಅವನಿಗೆ ಎಲ್ಲ ಗುಜರಿಯವರೂ ಗೊತ್ತು ಎಂದಿದ್ದರು. ಸಿದ್ದಲಿಂಗಪ್ಪನವರು ಅಲ್ಲಿಗೆ ಹೋಗಿ ನೋಡುತ್ತಾರೆ, ಸಾಲಾಗಿ ಕುಳಿತ ವಜ್ರದ ಕೆಲಸಗಾರರ ಚಕ್ರಗಳು ನಿಂತಿವೆ, ಮಾಲೀಕರ ಮೇಜಿನ ಮೇಲೆ ಹಾಲಿನಂಥ ಬಿಳಿ ಕಾಗದ ಹಾಸಿದೆ, ಅದರ ಮೇಲೆ ಒಂದು ಕಾರ್ಬೊರೇಟರ್ ಕುಳಿತಿದೆ. ಮಾಮಾನ ಮಗ ಕಣ್ಣಿಗೆ ವಜ್ರ ನೋಡುವ ಗಾಜು ಸಿಕ್ಕಿಸಿಕೊಂಡು, ಚಿಮುಟದಲ್ಲಿ ಅದರ ಹಿತ್ತಾಳೆ ಜೆಟ್ಟನ್ನು ಎತ್ತಿ, ಬೆಳಕಿಗೆ ಹಿಡಿದು ತೂತು ನೋಡುತ್ತಿದ್ದ.

"ಸಾಹೇಬ್, ಇದರ ಪಾಣಿ ಹೇಗಿದೆ, ನೀವೇ ಹೇಳಿ," ಎಂದ. ವಜ್ರದವರು ಹೊಳಪಿಗೆ ಪಾಣಿ ಎನ್ನುತ್ತಾರೆ.

"ಇದಕ್ಕೆ ಪಾಣಿ ಇರುವುದಿಲ್ಲಪ್ಪ. ಪೆಟ್ರೋಲು ಹೋಗುವ ತೂತು ಅದು. ಕಸ ಕೂತರೆ ಬಾಯಿಯಿಂದ ಊದಬೇಕು."

ಮಾಮಾನ ಮಗ ಹಿಂದೆ ತಿರುಗಿ ಮೆಲ್ಲಗೆ, "ಊದಬೇಕಂತೆ," ಎಂದ. ಯಾರೋ ಅದನ್ನು ಫೋನಿನಲ್ಲಿ ಹಾಕಿಯೂಬಿಟ್ಟರು.

"ಇದನ್ನು ನನಗೆ ಕೊಡುತ್ತೀರಾ?" ಸಿದ್ದಲಿಂಗಪ್ಪನವರು ಬೇಡಿಕೊಳ್ಳುವ ದನಿಯಲ್ಲಿ ಕೇಳಿದರು. ಈ ಸಲ ಹೋದ ತಿಂಗಳ ಮಾತೆತ್ತಲಿಲ್ಲ.

ಅದೇ ತಪ್ಪಾಯಿತು. ಸರ್ಕಾರಿ ಸಾಹೇಬರೇ ಕೊಳ್ಳಲು ಬಂದರೆಂದರೆ ಇನ್ನು ಮಾರುವವನು ಮೂರ್ಖ. ಮಾಮಾನ ಮಗ ಕಾರ್ಬೊರೇಟರನ್ನು ಕಾಗದದಲ್ಲಿ ಮಡಿಸಿ ತಿಜೋರಿಯಲ್ಲಿಟ್ಟು, ಸಾಹೇಬರಿಗೆ ಘಾರಿ ತಿನ್ನಿಸಿ, ಸ್ಟೇಷನ್ನಿಗೆ ಕಾರು ಕೊಟ್ಟು ಕಳಿಸಿದ.

ಅವರು ಅಹಮದಾಬಾದಿಗೆ ಮರಳುವಷ್ಟರಲ್ಲಿ ಸೊಸೈಟಿಯ ಸ್ವರೂಪವೇ ಬದಲಾಗಿತ್ತು. ಬಾಲ್ಕನಿಗಳಲ್ಲಿ ಹಪ್ಪಳ ಒಣಗುವ ಜಾಗದಲ್ಲಿ ಕಾರ್ಬೊರೇಟರುಗಳು ಒಣಗುತ್ತಿದ್ದವು. ಭೂಪತಭಾಯಿಯ ಹೆಂಡತಿ ಚಂಪಾಬೆನ್ ಅವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಲಿಫ್ಟಿನಲ್ಲಿ ಒಬ್ಬರು ತಮ್ಮದು ಸ್ಕೂಟರಿನದು, ಅದಕ್ಕೂ ಭಾವ್ ಬರುತ್ತದೆಯೇ ಎಂದು ಕೇಳಿದರು. ಸರ್ಕಾರ ಇಂಜೆಕ್ಷನ್ ಗಾಡಿಗಳನ್ನು ನಿಲ್ಲಿಸುತ್ತದಂತೆ ಎಂದು ಒಬ್ಬರು, ಹೊಸ ಪೆಟ್ರೋಲು ಕಂಪ್ಯೂಟರಿಗೆ ಆಗಿಬರುವುದಿಲ್ಲವಂತೆ ಎಂದು ಇನ್ನೊಬ್ಬರು. ಎರಡೂ ಸುದ್ದಿಯ ಕೊನೆಯಲ್ಲಿ ಮೇಲಿನ ಮಹಡಿಯ ಸಾಹೇಬರ ಹೆಸರಿತ್ತು. ಪ್ರಮೋದ್‌ಭಾಯಿ ಗ್ಯಾರೇಜಿಗೆ ಬೀಗ ಹಾಕಿ ಕಾರ್ಬೊರೇಟರ್ ಹುಡುಕಲು ರಾಜ್‌ಕೋಟಿಗೆ ಹೋಗಿದ್ದ, ತನಗಾಗಿ.

ತೃಪ್ತಿ ಒಂದು ಉಪಾಯ ಹೇಳಿದಳು. "ಪಪ್ಪಾ, ಸಿಂಪಲ್. ಹಳೇದೇ ಬ್ಯಾಕ್ ಹಾಕಿಸು ನಾ. ಕಾರ್ಬೊರೇಟರ್ ಬೇಡ ಅಂದ್ರೆ ರೂಮರ್ ಆಟೋಮ್ಯಾಟಿಕ್ ಸ್ಟಾಪ್."

ಇಷ್ಟು ದಿನದಲ್ಲಿ ಆ ಮನೆಯಲ್ಲಿ ಆಡಿದ ಮೊದಲ ಬುದ್ಧಿಯ ಮಾತು ಅದು. ಸಿದ್ದಲಿಂಗಪ್ಪನವರು ಗೋಣಿಚೀಲ ಹುಡುಕತೊಡಗಿದರು. ಪೆಟ್ಟಿಗೆಗಳ ಹಿಂದೆ ನೋಡಿದರು, ಮಂಚದ ಕೆಳಗೆ ನೋಡಿದರು.

"ಆ ಹೊಲಸು ವೈರಿನ ಚೀಲೇನ್ರಿ?" ಎಂದರು ಸುಭದ್ರಮ್ಮ. "ಊರಿಗೆ ಹೋಗೂ ಮುಂದ ಕಸಾ ಯಾಕ ಒಯ್ಯೂದು ಅಂತ ಹಳೇ ಪೇಪರಿನಾಂವಗ ಕೊಟ್ಟಬಿಟ್ಟೆ. ಮಂಗಳವಾರನs ಹೋತು."

ಸಿದ್ದಲಿಂಗಪ್ಪನವರು ಒಂದು ಪೆಟ್ಟಿಗೆಯ ಮೇಲೆ ಕುಳಿತರು. ಜೀಪಿಗೆ ಈಗ ಇಂಜೆಕ್ಷನ್ನೂ ಇರಲಿಲ್ಲ, ಕಾರ್ಬೊರೇಟರೂ ಇರಲಿಲ್ಲ. ಇದ್ದದ್ದು ಆ ಹಳೆಯ ಬನಿಯನ್ ಒಂದೇ.

ಮರುದಿನದ ಗುಜರಾತಿ ಪತ್ರಿಕೆಯೊಂದರ ಒಳಪುಟದಲ್ಲಿ, ಕಾರ್ಬೊರೇಟರ್ ಮೇಲೆ ಕೇಂದ್ರದ ಕಣ್ಣು ಎಂದು ತಲೆಬರಹ ಬಂತು. ಹೆಸರು ಹೇಳಲಿಚ್ಛಿಸದ ಹಿರಿಯ ಅಧಿಕಾರಿಯೊಬ್ಬರು ಊದಬೇಕು ಎಂದಷ್ಟೇ ಹೇಳಿದ್ದಾರೆ ಎಂದೂ ಬರೆದಿತ್ತು. ಹನ್ನೊಂದು ಗಂಟೆಗೆ ಪ್ರೇರಣಾ ಮೇಡಂ ಕರೆಸಿದರು. ಅವರು ಕಚೇರಿಯ ಮುಖ್ಯಸ್ಥೆ, ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಮನಸ್ಸಿನವರು. ಆ ಒಳ್ಳೆಯ ಮನಸ್ಸು ಮುಂದೆ ಎಂಥ ಅನಾಹುತ ಮಾಡಲಿದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

"ಸಿದ್ದಲಿಂಗಪ್ಪಾಜೀ, ನಮ್ಮ ಪಟ್ಟಿಯಲ್ಲಿ ಕಾರ್ಬೊರೇಟರ್ ಇದೆಯೇ?"

"ಇಲ್ಲ ಮೇಡಂ."

"ಮತ್ತೆ ಮೂರು ನಗರ, ಅಂಗಡಿಯಿಂದ ಅಂಗಡಿಗೆ, ಹೋದ ತಿಂಗಳ ಬೆಲೆ, ಅದೇ ಮಾಲೋ ಅಲ್ಲವೋ... ಇದು ನಮ್ಮದೇ ಕ್ರಮವಲ್ಲವೇ?"

"ನನ್ನ ಜೀಪಿಗೆ ಬೇಕಾಗಿತ್ತು ಮೇಡಂ. ರೂಢಿಯಾಗಿಬಿಟ್ಟಿದೆ. ಬಾಯಿ ತೆರೆದರೆ ಅದೇ ಬರುತ್ತದೆ."

ಮೇಡಂ ಸಿದ್ದಲಿಂಗಪ್ಪನವರ ಮುಖ ನೋಡಿದರು. ಆ ಮುಖದಲ್ಲಿ ಸುಳ್ಳು ಹೇಳುವಷ್ಟೂ ಕಸುವಿರಲಿಲ್ಲ. ದಿಲ್ಲಿಯವರು ಪತ್ರಿಕೆ ಓದಿ ವಿವರಣೆ ಕೇಳಿದ್ದಾರೆ, ವಿಚಾರಣೆಯೆಂದರೆ ವರ್ಗ ನಿಲ್ಲುತ್ತದೆ, ಯೋಚಿಸಬೇಡಿ, ನಾನು ಸರಿಯಾಗಿ ಬರೆದು ನಿಮ್ಮನ್ನು ಉಳಿಸುತ್ತೇನೆ ಎಂದರು. ಸಿದ್ದಲಿಂಗಪ್ಪನವರು ಎರಡೂ ಕೈ ಮುಗಿದರು. ಇಷ್ಟು ವರ್ಷದಲ್ಲಿ ಆ ಕಚೇರಿಯಲ್ಲಿ ಯಾರೂ ಅವರನ್ನು ಉಳಿಸುತ್ತೇನೆ ಎಂದಿರಲಿಲ್ಲ.

ಇನ್ನು ಈ ಕಡೆಯ ಬೆಂಕಿಯನ್ನೂ ಆರಿಸಿಬಿಡೋಣ ಎಂದು ಸಿದ್ದಲಿಂಗಪ್ಪನವರೇ ಹೇಳಿ ಸೊಸೈಟಿಯ ಸಭೆ ಕರೆಸಿದರು. ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗಣಪತಿ ಹಬ್ಬಕ್ಕೂ ಅಷ್ಟು ಜನ ಸೇರಿದ್ದಿಲ್ಲ.

"ನೋಡಿ, ಯಾವ ಕಾಯ್ದೆಯೂ ಬರುವುದಿಲ್ಲ," ಎಂದರು ಸಿದ್ದಲಿಂಗಪ್ಪನವರು. "ನಾನು ಕೇಳುವುದು ಬದನೆಕಾಯಿಯ ಬೆಲೆ. ನನ್ನ ಜೀಪು ಕೆಟ್ಟಿತ್ತು. ನಮ್ಮ ಸಂಘದಲ್ಲಿ ಜಂಬ ಕೊಚ್ಚಿಕೊಂಡೆ. ಅದಕ್ಕೇ ಇಷ್ಟೆಲ್ಲ ಆಯಿತು. ನಾನು ದಡ್ಡ. ದಯವಿಟ್ಟು ನಂಬಿ."

ಹಿಂದಿನ ಸಾಲಿನಿಂದ ಚಂಪಾಬೆನ್ ಕಣ್ಣೊರೆಸಿಕೊಳ್ಳುತ್ತ, "ಎಂಥ ನಿಯತ್ತಿನ ಮನುಷ್ಯ! ದೇಶದ ಗುಟ್ಟು ಉಳಿಸಲು ತನ್ನನ್ನೇ ದಡ್ಡ ಎಂದುಕೊಂಡ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸಾಹೇಬ್, ಅದೆಲ್ಲ ಇರಲಿ," ಭೂಪತಭಾಯಿ ಎದ್ದು ನಿಂತರು. "ಮಾರಬೇಕೋ, ಇಟ್ಟುಕೊಳ್ಳಬೇಕೋ, ಅಷ್ಟು ಹೇಳಿ."

"ಮಾರಿ! ಎಲ್ಲ ಮಾರಿಬಿಡಿ! ಮೊದಲು ನನಗೊಂದು ಮಾರಿ!"

ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾವು ಮಾರಬೇಕು, ಇವರು ಕೊಳ್ಳಬೇಕು. ಆ ರಾತ್ರಿ ಸೊಸೈಟಿಯಲ್ಲಿ ಒಂದು ಕಾರ್ಬೊರೇಟರೂ ಕೈ ಬದಲಿಸಲಿಲ್ಲ. ಮರುದಿನ ಬೆಲೆ ಮತ್ತೆ ಏರಿತು.

ದಿಲ್ಲಿಯ ಉತ್ತರ ಉತ್ತರಾಯಣಕ್ಕೆ ಸ್ವಲ್ಪ ಮೊದಲು ಬಂತು. ಪ್ರೇರಣಾ ಮೇಡಂ ಅದನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು, ತಲೆ ಎತ್ತಿ ನೋಡಲಿಲ್ಲ. ಅವರು ಸಿದ್ದಲಿಂಗಪ್ಪನವರನ್ನು ಉಳಿಸಲೆಂದು, ಈ ಅಧಿಕಾರಿ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಕಾರ್ಬೊರೇಟರ್ ಬೆಲೆಯ ಅಸಹಜ ಏರಿಕೆಯನ್ನು ರಜೆಯ ದಿನವೂ ಸ್ವಂತ ಆಸಕ್ತಿಯಿಂದ ಗಮನಿಸಿದ್ದಾರೆ, ಕ್ರಮದಲ್ಲಿ ಒಂದು ಲೋಪವೂ ಇಲ್ಲ ಎಂದು ಬರೆದಿದ್ದರು. ದಿಲ್ಲಿಯವರು ಓದಿ ಸಂತೋಷಪಟ್ಟಿದ್ದರು. ಮುಂದಿನ ತಿಂಗಳಿಂದ ಕಾರ್ಬೊರೇಟರನ್ನು ಪ್ರಾಯೋಗಿಕವಾಗಿ ಪಟ್ಟಿಗೆ ಸೇರಿಸಲಾಗಿದೆ, ಈ ವಸ್ತುವಿನ ಅನುಭವವಿರುವ ಅಧಿಕಾರಿ ದೇಶದಲ್ಲಿ ಸದ್ಯಕ್ಕೆ ಒಬ್ಬರೇ ಆದ್ದರಿಂದ ಅವರ ಹುಬ್ಬಳ್ಳಿ ವರ್ಗವನ್ನು ಮುಂದಿನ ಆದೇಶದ ತನಕ ತಡೆಹಿಡಿಯಲಾಗಿದೆ ಎಂದು ಬರೆದಿದ್ದರು. ಕೊನೆಗೆ ಅಭಿನಂದನೆ ಹೇಳಿದ್ದರು.

"ನಾನು ಒಳ್ಳೆಯದಕ್ಕೇ ಬರೆದೆ," ಎಂದರು ಮೇಡಂ.

"ಗೊತ್ತು ಮೇಡಂ," ಎಂದರು ಸಿದ್ದಲಿಂಗಪ್ಪನವರು. ಅವರ ಮೇಲೆ ಸಿಟ್ಟು ಮಾಡಬೇಕೆಂದು ನೋಡಿದರು, ಬರಲಿಲ್ಲ.

ಮನೆಯಲ್ಲಿ ಸುದ್ದಿ ಕೇಳಿ ಸುಭದ್ರಮ್ಮ ಕತ್ತರಿ ತಂದು ಒಂದು ಪೆಟ್ಟಿಗೆಯ ಹಗ್ಗ ಕೊಯ್ದರು, ರೊಟ್ಟಿಯ ಹಂಚು ತೆಗೆದು ಒಲೆಯ ಮೇಲಿಟ್ಟರು. ಬೆನ್ನು ತಿರುಗಿಸಿ ನಿಂತಿದ್ದರು. ಅವರು ಅಳುತ್ತಿದ್ದಾರೆಂದು ಸಿದ್ದಲಿಂಗಪ್ಪನವರಿಗೆ ಗೊತ್ತಾಯಿತು.

"ತಪ್ಪಾತು ನಂದು," ಎಂದರು.

"ಹೋಗಿ ಕಾಯಿಪಲ್ಯಾ ತರ್ರಿ," ಎಂದರು ಸುಭದ್ರಮ್ಮ ಮೂಗು ಒರೆಸಿಕೊಂಡು. "ನಿಮ್ಮ ಕಾಲ್ಮುಗೀತೇನಿ, ಯಾರಿಗೂ ಏನೂ ಕೇಳಬ್ಯಾಡ್ರಿ. ಸುಮ್ಮನ ತಗೊಂಡು ಬರ್ರಿ."

ಸಿದ್ದಲಿಂಗಪ್ಪನವರು ಕೊರಳಿನ ಚೀಟಿ ತೆಗೆದು ಮೊಳೆಗೆ ಹಾಕಿ ನಡೆದೇ ಹೋದರು. ಚಳಿಗಾಲದ ಮಾರುಕಟ್ಟೆಯಲ್ಲಿ ಉಂಧಿಯು ಎಂಬ ಪಲ್ಯಕ್ಕೆ ಹಾಕುವ ಸೂರತಿ ಪಾಪಡಿ ಅವರೆಯ ರಾಶಿಗಳಿದ್ದವು. ಮೊದಲನೆಯ ಗಾಡಿಯ ಮುಂದೆಯೇ ನಿಂತರು. ಬಾಯಿಯಲ್ಲಿ ಮಾತು ಎದ್ದು ಬಂತು, ಹಲ್ಲು ಕಚ್ಚಿ ನುಂಗಿದರು. ಎರಡು ಕಿಲೋ ಎಂದು ಬೆರಳು ತೋರಿಸಿ, ಕೈಗೆ ಬಂದ ನೋಟು ಕೊಟ್ಟು, ಚಿಲ್ಲರೆಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಹೊರಟರು. ತಮ್ಮ ಬದುಕಿನಲ್ಲಿ ಬೆಲೆ ಕೇಳದೆ ಕೊಂಡ ಮೊದಲ ವಸ್ತು ಅದು. ಗಾಡಿಯವಳು ತಕ್ಕಡಿ ಕೈಯಲ್ಲಿ ಹಿಡಿದು ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತಿದ್ದಳು. ಎಷ್ಟೋ ವರ್ಷದಿಂದ ತಿಂಗಳು ತಿಂಗಳು ತನ್ನ ಪಾಪಡಿಯ ಬೆಲೆ ಕೇಳಿ ಕೊಳ್ಳದೆ ಹೋಗುತ್ತಿದ್ದ ಸಾಹೇಬರು ಇವತ್ತು ಕೇಳದೆ ಕೊಂಡಿದ್ದರು. ಪಕ್ಕದ ಗಾಡಿಯವನಿಗೆ ಅವಳು ಅದನ್ನು ಹೇಳಿದಳು.

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಟ ಸಿದ್ದಲಿಂಗಪ್ಪನವರು ಲಿಫ್ಟಿನ ಬಾಗಿಲು ತೆರೆದರೆ ಒಳಗೆ, ಇವರಿಗಾಗಿಯೇ ಮೇಲೆ ಬಂದ ಭೂಪತಭಾಯಿ ನಿಂತಿದ್ದರು. ಅವರ ಎಡಕ್ಕೆ ಒಂದು ಮೂಟೆ ಪಾಪಡಿ, ಬಲಕ್ಕೆ ಇನ್ನೊಂದು. ನಡುವೆ ಸಾಹೇಬರಿಗೆಂದು ಸ್ವಲ್ಪ ಜಾಗ ಮಾಡಿಕೊಟ್ಟರು. ಭೂಪತಭಾಯಿ ಕಣ್ಣು ಮಿಟುಕಿಸಿದರು. ಲಿಫ್ಟು ತನ್ನ ಪಾಡಿಗೆ ತಾನು ಇಳಿಯತೊಡಗಿತು. ಸಿದ್ದಲಿಂಗಪ್ಪನವರು ಮೂಟೆಯ ಬಾಯಿಯಿಂದ ಒಂದು ಕಾಯಿ ಎತ್ತಿಕೊಂಡು, ತಿರುವಿ ನೋಡಿ, ನಿನ್ನೆಯ ಮಾಲೇ ಎಂದು ಗುರುತಿಸಿದರು. ತಡೆಯಬೇಕೆಂದು ಅವರು ಬಹಳ ಪ್ರಯತ್ನಪಟ್ಟರು.

"ಏನ್ ಭಾವ್ ತಗೊಂಡ್ರಿ?"

ಭೂಪತಭಾಯಿ ಆಗಲೇ ಫೋನು ಕಿವಿಗೆ ಹಚ್ಚಿದ್ದರು. "ಸೂರತ್‌ಗೆ ಹೇಳು," ಎಂದು ಪಿಸುಗುಟ್ಟಿದರು, "ಸಾಹೇಬರು ಕೇಳಿದರು."